ಸಾಲ ತೀರಿತು, ಋಣ ತೀರಿತೇ?

ಅಮೆರಿಕದ ಲೇಖಕ ಆರ್ಥರ್ ಗೋಲ್ಡನ್ ಅವರ ‘ಮೆಮೊಯರ್ಸ್ ಆಫ್ ಎ ಗೇಶಾ’ ಕಾದಂಬರಿ ಪ್ರಕಟವಾದದ್ದು 1997ರಲ್ಲಿ. ಅದರ ಇಂಗ್ಲಿಷ್ ಆವೃತ್ತಿಯೊಂದೇ 40 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಮೂವತ್ತಕ್ಕೂ ಹೆಚ್ಚು ಭಾಷೆಗಳಿಗೆ ಅದು ಅನುವಾದಗೊಂಡಿತು. 2005ರಲ್ಲಿ ಚಲನಚಿತ್ರವಾಗಿ, ಕಲಾ ನಿರ್ದೇಶನ, ಛಾಯಾಗ್ರಹಣ, ವಸ್ತ್ರವಿನ್ಯಾಸಗಳಿಗೆ ಮೂರು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಗೇಶಾ ಎಂಬ ಪದದ ಪರಿಚಯವೇ ಈ ಪುಸ್ತಕದಿಂದ ಆದವರು ನಮ್ಮ ವಿದ್ಯಾವಂತ ಓದುಗರಲ್ಲಿ ಕಡಿಮೆಯೇನಿಲ್ಲ. ಆದರೆ ಓದಿದವರನ್ನು ಅದರ ಕುರಿತು ಕೇಳಿ ನೋಡಿ. ಕಥಾನಾಯಕಿಯ ಬೂದು ಬಣ್ಣದ ಕಣ್ಣು, ರೇಷ್ಮೆಯ ಕಿಮೋನೊ, ಕ್ಯೋಟೊ ನಗರದ ಚಹಾಗೃಹಗಳು, ಕೊನೆಗೆ ಕೈಗೂಡುವ ಪ್ರೇಮ, ಇವಿಷ್ಟೇ ಅವರ ನೆನಪಿನಲ್ಲಿ ಉಳಿದಿರುತ್ತವೆ. ಅದೇ ಕಾದಂಬರಿಯ ಪುಟಪುಟದಲ್ಲೂ ಕಾಣಿಸಿಕೊಳ್ಳುವ ಒಂದು ವಸ್ತು ಯಾರಿಗೂ ನೆನಪಿರುವುದಿಲ್ಲ. ಅದು ಸಾಲದ ಲೆಕ್ಕದ ಪುಸ್ತಕ.

ಅರ್ಥಶಾಸ್ತ್ರ ಓದಿ, ಮುಂದೆ ಮೂರು ದಶಕ ಸರ್ಕಾರಿ ಕಡತಗಳ ನಡುವೆ ಕಳೆದವನ ಕಣ್ಣು ಮೊದಲು ಅಲ್ಲಿಗೇ ಹೋದರೆ ಆಶ್ಚರ್ಯವಿಲ್ಲ. ನನ್ನ ಮಟ್ಟಿಗೆ ಇದು ಪ್ರೇಮಕಥೆಯ ವೇಷದಲ್ಲಿರುವ ಒಂದು ಸಾಲದ ಕಥೆ. ಆ ಸಾಲವನ್ನು ಲೇಖಕರು ಬಹಳ ನಿಖರವಾಗಿ ಕಂಡಿದ್ದಾರೆ. ಕಂಡದ್ದನ್ನು ಕಡೆಗೆ ತಾವೇ ಮರೆಮಾಡಿದ್ದಾರೆ. ಈ ಎರಡೂ ಸಂಗತಿಗಳು ವಿಚಾರಕ್ಕೆ ಅರ್ಹವಾದುವು.

ಕಥೆಯನ್ನು ಲೆಕ್ಕದ ಪುಸ್ತಕದ ಮೂಲಕವೇ ಹೇಳಬಹುದು. 1929ರಲ್ಲಿ ಯೊರೊಯಿದೊ ಎಂಬ ಮೀನುಗಾರರ ಹಳ್ಳಿಯ ಒಂಬತ್ತು ವರ್ಷದ ಚಿಯೊ ಮತ್ತು ಅವಳ ಅಕ್ಕ ಸಾತ್ಸು ಮಾರಾಟವಾಗುತ್ತಾರೆ. ತಾಯಿ ಮರಣಶಯ್ಯೆಯಲ್ಲಿದ್ದಾಳೆ, ತಂದೆ ವೃದ್ಧ. ಅಕ್ಕ ವೇಶ್ಯಾಗೃಹದ ಪಾಲಾದರೆ, ತಂಗಿಯನ್ನು ಕ್ಯೋಟೊದ ಗಿಯೊನ್ ಬಡಾವಣೆಯ ಒಂದು ‘ಒಕಿಯಾ’, ಎಂದರೆ ಗೇಶಾಗಳು ವಾಸಿಸುವ ಮನೆ, ಕೊಂಡುಕೊಳ್ಳುತ್ತದೆ. ಅವಳನ್ನು ಕೊಳ್ಳಲು ತೆತ್ತ ಬೆಲೆ ಅವಳದೇ ಸಾಲದ ಮೊದಲ ಬಾಬತ್ತು. ಉಣ್ಣುವ ಅನ್ನ, ಉಡುವ ಬಟ್ಟೆ, ನೃತ್ಯಸಂಗೀತ ಪಾಠದ ಶುಲ್ಕ ಎಲ್ಲವೂ ಅದಕ್ಕೆ ಸೇರುತ್ತವೆ. ಮನೆಯ ಹಿರಿಯ ಗೇಶಾ ಹಾತ್ಸುಮೊಮೊ ಮತ್ಸರದಿಂದ ಮತ್ತೊಬ್ಬಳ ಬೆಲೆಬಾಳುವ ಕಿಮೋನೊ ಮೇಲೆ ಶಾಯಿ ಬಳಿಯುವಂತೆ ಈ ಮಗುವನ್ನು ಬಲವಂತಪಡಿಸುತ್ತಾಳೆ. ಆ ಕಿಮೋನೊದ ಬೆಲೆ ಮಗುವಿನ ಲೆಕ್ಕಕ್ಕೆ ಬರುತ್ತದೆ. ಕಳವಿನ ಸುಳ್ಳು ಆರೋಪ ಹೊರಿಸಿದಾಗ ಆ ಒಡವೆಯ ಬೆಲೆಯೂ ಅವಳ ಲೆಕ್ಕಕ್ಕೇ. ಅಕ್ಕನನ್ನು ಸೇರಿಕೊಳ್ಳಲು ಮಾಡಿನ ಮೇಲಿಂದ ತಪ್ಪಿಸಿಕೊಳ್ಳಹೋಗಿ ಬಿದ್ದು ತೋಳು ಮುರಿದುಕೊಂಡಾಗ, ಚಿಕಿತ್ಸೆಯ ವೆಚ್ಚವೂ ಅಲ್ಲಿಗೇ ಜಮೆ.

ಆ ಮನೆಯೊಡತಿಯನ್ನು ಎಲ್ಲರೂ ಕರೆಯುವುದು ‘ತಾಯಿ’ ಎಂದು. ಓಡಿಹೋಗಲು ನೋಡಿದ ಹುಡುಗಿಯ ಮೇಲೆ ಇನ್ನು ಬಂಡವಾಳ ಹೂಡುವುದು ನಷ್ಟದ ಬಾಬತ್ತೆಂದು ಲೆಕ್ಕ ಹಾಕಿದ ಈ ತಾಯಿ ಅವಳ ಪಾಠಗಳನ್ನು ನಿಲ್ಲಿಸಿ ಮನೆಗೆಲಸಕ್ಕೆ ಹಚ್ಚುತ್ತಾಳೆ. ಮುಂದೆ ಮಾಮೆಹಾ ಎಂಬ ಪ್ರಸಿದ್ಧ ಗೇಶಾ ಅವಳನ್ನು ಶಿಷ್ಯೆಯಾಗಿ ಸ್ವೀಕರಿಸುವಾಗಲೂ, ಇಪ್ಪತ್ತು ತುಂಬುವುದರೊಳಗೆ ಹುಡುಗಿಯ ಸಾಲ ತೀರುವುದೇ ಇಲ್ಲವೇ ಎಂಬುದರ ಮೇಲೆ ಇಬ್ಬರು ಹೆಂಗಸರ ನಡುವೆ ಪಂಥ ಏರ್ಪಡುತ್ತದೆ. ಚಿಯೊ ಈಗ ಸಾಯುರಿ ಎಂಬ ಹೊಸ ಹೆಸರು ಪಡೆಯುತ್ತಾಳೆ. ಅವಳ ಕನ್ಯತ್ವ ಹರಾಜಾಗಿ 11,500 ಯೆನ್‌ಗೆ ಹೋಗುತ್ತದೆ. ಗಿಯೊನ್‌ನಲ್ಲಿ ಅದು ದಾಖಲೆಯ ಬೆಲೆ ಎಂದು ಕಾದಂಬರಿ ಹೇಳುತ್ತದೆ. ಹೆಚ್ಚುಕಡಿಮೆ ಇದೇ ಹೊತ್ತಿಗೆ ತಾಯಿ ಅವಳನ್ನು ದತ್ತು ತೆಗೆದುಕೊಳ್ಳುತ್ತಾಳೆ. ಸಾಲಗಾರ್ತಿಯಾಗಿದ್ದವಳು ಮಗಳಾಗುತ್ತಾಳೆ, ಆದರೆ ಗಳಿಕೆಯೆಲ್ಲ ಮೊದಲಿನಂತೆ ಮನೆಗೇ ಸಲ್ಲುತ್ತದೆ. ಸಾಲ ತೀರಿದ ಮೇಲೂ ಗಳಿಕೆಯನ್ನು ಕೈಬಿಡದಿರುವ ಉಪಾಯವಿದು. ಗೋಲ್ಡನ್ ಇದನ್ನೆಲ್ಲ ಎಲ್ಲಿಯೂ ದನಿಯೇರಿಸದೆ, ದಿನಸಿಯ ಚೀಟಿ ಓದಿದಂತೆ ನಿರೂಪಿಸುತ್ತಾರೆ. ಕಾದಂಬರಿಯ ನಿಜವಾದ ಶಕ್ತಿ ಇಲ್ಲಿದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅಗತ್ಯ. ಗೇಶಾ ಎಂದರೆ ವೇಶ್ಯೆಯಲ್ಲ. ‘ಗೇ’ ಎಂದರೆ ಕಲೆ, ‘ಶಾ’ ಎಂದರೆ ವ್ಯಕ್ತಿ. ಆರಂಭದಲ್ಲಿ ಈ ವೃತ್ತಿಯಲ್ಲಿದ್ದವರು ಗಂಡಸರು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಹೆಂಗಸರು ಪ್ರವೇಶಿಸಿ ಕೆಲವೇ ದಶಕಗಳಲ್ಲಿ ಅದನ್ನು ತಮ್ಮದಾಗಿಸಿಕೊಂಡರು. 1779ರಲ್ಲಿ ಇಂದಿನ ಟೋಕಿಯೊದ ಯೊಶಿವಾರಾ ಬಡಾವಣೆಯಲ್ಲಿ ಗೇಶಾಗಳ ನೋಂದಣಿಗೆಂದೇ ಪ್ರತ್ಯೇಕ ಕಚೇರಿ ಸ್ಥಾಪನೆಯಾಯಿತು. ವೇಶ್ಯೆಯರ ಗಿರಾಕಿಗಳನ್ನು ಗೇಶಾಗಳು ಸೆಳೆಯಬಾರದೆಂಬುದೇ ಅದರ ಮುಖ್ಯ ಉದ್ದೇಶವಾಗಿತ್ತು. ಹಾಡು, ನೃತ್ಯ, ಮೂರು ತಂತಿಯ ಶಾಮಿಸೆನ್ ವಾದ್ಯ, ಚತುರ ಸಂಭಾಷಣೆ ಇವು ಅವರ ವಿದ್ಯೆಗಳು. ಕ್ಯೋಟೊದಲ್ಲಿ ಅವರನ್ನು ‘ಗೇಕೊ’ ಎಂದೂ ಕಲಿಯುವ ಹುಡುಗಿಯರನ್ನು ‘ಮೈಕೊ’ ಎಂದೂ ಕರೆಯುತ್ತಾರೆ. ಔತಣದಲ್ಲಿ ಅವರು ಕಳೆದ ಸಮಯವನ್ನು ಹಿಂದೆ ಊದುಬತ್ತಿಗಳಿಂದ ಅಳೆಯುತ್ತಿದ್ದರು. ಎಷ್ಟು ಬತ್ತಿ ಉರಿಯಿತೋ ಅಷ್ಟು ಸಂಭಾವನೆ. ಈ ಲೆಕ್ಕ ನೋಂದಣಿ ಕಚೇರಿಗೆ ಹೋಗಿ, ಅಲ್ಲಿಂದ ಚಹಾಗೃಹ, ಒಕಿಯಾ, ಕಡೆಗೆ ಗೇಶಾ ಎಂಬ ಕ್ರಮದಲ್ಲಿ ಹಂಚಿಕೆಯಾಗುತ್ತಿತ್ತು. ಬಹಳ ವ್ಯವಸ್ಥಿತವಾದ ಮಾರುಕಟ್ಟೆ ಅದು. 1920ರ ದಶಕದಲ್ಲಿ ಜಪಾನಿನಾದ್ಯಂತ ಸುಮಾರು 80 ಸಾವಿರ ಗೇಶಾಗಳಿದ್ದರೆಂಬ ಅಂದಾಜಿದೆ. ಇಂದು ಉಳಿದಿರುವವರು ಅದರ ಒಂದು ಸಣ್ಣ ಪಾಲು ಮಾತ್ರ.

ಆದರೆ ಕಲಾವಿದೆ ಎಂದ ಮಾತ್ರಕ್ಕೆ ಅವಳು ಸ್ವತಂತ್ರಳಾಗಿದ್ದಳೆಂದು ಅರ್ಥವಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ವೇಶ್ಯೆಯನ್ನೂ ಗೇಶಾಳನ್ನೂ ಕಟ್ಟಿಹಾಕಿದ್ದ ಹಗ್ಗ ಒಂದೇ. ಅದರ ಹೆಸರು ‘ಝೆನ್‌ಶಾಕ್ಕಿನ್’, ಅಂದರೆ ಮುಂಗಡ ಸಾಲ. ತಂದೆ ಹಣ ಪಡೆಯುತ್ತಾನೆ, ಮಗಳು ದುಡಿದು ತೀರಿಸುತ್ತಾಳೆ.

ಈ ಹಗ್ಗವನ್ನು ಕಡಿಯಲು ಜಪಾನ್ ಪಟ್ಟ ಪ್ರಯತ್ನದ ಇತಿಹಾಸ ಕಾದಂಬರಿಯಲ್ಲಿಲ್ಲ. ಅದು ಕಾದಂಬರಿಯಷ್ಟೇ ಕುತೂಹಲಕರ. 1872ರಲ್ಲಿ ‘ಮರಿಯಾ ಲುಝ್’ ಎಂಬ ಪೆರು ದೇಶದ ಹಡಗು ದುರಸ್ತಿಗಾಗಿ ಯೊಕೊಹಾಮಾ ಬಂದರಿಗೆ ಬಂತು. ಅದರಲ್ಲಿದ್ದವರು ಕರಾರಿನ ಮೇಲೆ ಒಯ್ಯಲಾಗುತ್ತಿದ್ದ ಇನ್ನೂರಕ್ಕೂ ಹೆಚ್ಚು ಚೀನೀ ಕೂಲಿಗಳು. ಒಬ್ಬ ಕೂಲಿ ಸಮುದ್ರಕ್ಕೆ ಹಾರಿ ತಪ್ಪಿಸಿಕೊಂಡಾಗ ಅವರ ದುಃಸ್ಥಿತಿ ಬಯಲಾಗಿ, ಜಪಾನ್ ಸರ್ಕಾರ ವಿಚಾರಣೆ ನಡೆಸಿ ಅವರನ್ನು ಬಿಡುಗಡೆ ಮಾಡಿತು. ಆ ವಿಚಾರಣೆಯಲ್ಲಿ ಹಡಗಿನ ಕಪ್ತಾನನ ಪರ ವಕೀಲ ಒಂದು ಇರಿಯುವ ಪ್ರಶ್ನೆ ಎತ್ತಿದ. ನಿಮ್ಮ ದೇಶದಲ್ಲೇ ಹೆಣ್ಣುಮಕ್ಕಳನ್ನು ಕರಾರಿನ ಮೇಲೆ ಮಾರುತ್ತಿರುವಾಗ ಈ ಕರಾರು ಮಾತ್ರ ಹೇಗೆ ಅಕ್ರಮವಾದೀತು ಎಂಬುದು ಅವನ ವಾದದ ಸಾರಾಂಶ. ಆಧುನಿಕ ರಾಷ್ಟ್ರವೆನಿಸಿಕೊಳ್ಳಲು ಹಂಬಲಿಸುತ್ತಿದ್ದ ಮೇಜಿ ಸರ್ಕಾರಕ್ಕೆ ಇದು ದೊಡ್ಡ ಮುಜುಗರ. ಅದೇ ವರ್ಷ ವೇಶ್ಯೆಯರನ್ನೂ ಗೇಶಾಗಳನ್ನೂ ಬಂಧಮುಕ್ತಗೊಳಿಸುವ ಆಜ್ಞೆ ಹೊರಬಿತ್ತು.

ಅದರ ಜತೆ ಬಂದ ನ್ಯಾಯಾಂಗ ಇಲಾಖೆಯ ಸುತ್ತೋಲೆಯ ತರ್ಕ ಆಡಳಿತದ ಇತಿಹಾಸದಲ್ಲೇ ಅಪರೂಪದ್ದು. ಈ ಹೆಂಗಸರು ಮನುಷ್ಯರ ಹಕ್ಕುಗಳನ್ನು ಕಳೆದುಕೊಂಡು ದನ, ಕುದುರೆಗಳಿಗೆ ಸಮನಾಗಿದ್ದಾರೆ, ದನ ಕುದುರೆಗಳಿಂದ ಸಾಲ ಮರಳಿ ಕೇಳುವುದು ಅಸಂಗತ, ಆದ್ದರಿಂದ ಸಾಲ ಮನ್ನಾ ಎಂದು ಅದು ಸಾರಿತು. ಬಿಡುಗಡೆಯ ಭಾಷೆಯಲ್ಲೇ ಎಂಥ ಅವಮಾನ ಅಡಗಿತ್ತು ನೋಡಿ. ಆದರೂ ಸಾಲ ಹೋಯಿತಲ್ಲ ಎಂದು ಸಮಾಧಾನಪಡುವಂತೆಯೂ ಇರಲಿಲ್ಲ. ಮರುವರ್ಷವೇ ‘ಬಾಡಿಗೆ ಕೋಣೆ’, ‘ಸ್ವಇಚ್ಛೆಯ ಪರವಾನಗಿ’ ಎಂಬ ಹೊಸ ಹೆಸರುಗಳಲ್ಲಿ ಹಳೆಯ ವ್ಯವಹಾರ ಮರಳಿತು. 1900ರ ಸುಮಾರಿಗೆ ನ್ಯಾಯಾಲಯಗಳು ಹೆಣ್ಣನ್ನು ಇಚ್ಛೆಗೆ ವಿರುದ್ಧವಾಗಿ ದುಡಿಸುವಂತಿಲ್ಲ ಎಂದವು. ಆದರೆ ಸಾಲದ ಕರಾರು ಬೇರೆ, ಅದು ಊರ್ಜಿತ ಎಂದವು. ಬಾಗಿಲು ತೆರೆದಿದೆ, ಆದರೆ ಕಾಲಿಗೆ ಗುಂಡು ಕಟ್ಟಿದೆ. ಕಾದಂಬರಿಯ ಚಿಯೊ ಗಿಯೊನ್ ಪ್ರವೇಶಿಸುವುದು ಇಂಥ ಕಾಲದಲ್ಲಿ.

ಈ ಹಗ್ಗ ಕಾನೂನಿನಲ್ಲಿ ನಿಜವಾಗಿ ಕಡಿದುಬಿದ್ದದ್ದು ಯುದ್ಧಾನಂತರ. 1947ರ ಕಾರ್ಮಿಕ ಕಾಯ್ದೆ ದುಡಿಮೆಯ ಷರತ್ತಿನ ಮೇಲೆ ಕೊಟ್ಟ ಮುಂಗಡವನ್ನು ಕೂಲಿಯಿಂದ ಮುರಿದುಕೊಳ್ಳುವುದನ್ನು ನಿಷೇಧಿಸಿತು. ಅದೇ ವರ್ಷ ಒಂಬತ್ತು ವರ್ಷಗಳ ಶಾಲಾ ಶಿಕ್ಷಣ ಕಡ್ಡಾಯವಾದುದರಿಂದ ಎಳೆಯ ಮಕ್ಕಳನ್ನು ಪೂರ್ಣಾವಧಿ ಈ ವೃತ್ತಿಗೆ ಹಚ್ಚುವುದು ಅಸಾಧ್ಯವಾಯಿತು. 1955ರ ಅಕ್ಟೋಬರ್‌ನಲ್ಲಿ ಜಪಾನಿನ ಸರ್ವೋಚ್ಚ ನ್ಯಾಯಾಲಯ ತನ್ನ ಹಿಂದಿನವರ ನಿಲುವನ್ನು ತೊರೆದು ಮಹತ್ವದ ತೀರ್ಪು ನೀಡಿತು. ಮಗಳನ್ನು ಗಿರಾಕಿಗಳ ಸೇವೆಗೆ ದುಡಿಸಿ ತೀರಿಸಬೇಕೆಂಬ ಕರಾರಿನ ಮೇಲೆ ತಂದೆ ಪಡೆದ ಮುಂಗಡವನ್ನು ದುಡಿಮೆಯ ಕರಾರಿನಿಂದ ಬೇರ್ಪಡಿಸಿ ನೋಡಲಾಗದು, ಎರಡೂ ಅಸಿಂಧು, ಹಣ ಹಿಂತಿರುಗಿಸಬೇಕಿಲ್ಲ ಎಂದು ಅದು ಹೇಳಿತು. ಮುಂದಿನ ವರ್ಷ ವೇಶ್ಯಾವೃತ್ತಿ ತಡೆ ಕಾಯ್ದೆ ಬಂತು. 1872ರ ಆಜ್ಞೆಯಿಂದ ಆ ತೀರ್ಪಿಗೆ ಎಂಬತ್ತಮೂರು ವರ್ಷ!

ನನ್ನ ವಿಷಯದವರಲ್ಲಿ ಕೆಲವರು ಬೇರೆ ಮಾತು ಹೇಳುತ್ತಾರೆ. ಅಮೆರಿಕದ ವಿದ್ವಾಂಸ ಮಾರ್ಕ್ ರಾಮ್ಸೆಯರ್ 1991ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಯುದ್ಧಪೂರ್ವ ಜಪಾನಿನ ಪರವಾನಗಿ ಪಡೆದ ವೇಶ್ಯೆಯರ ಮುಂಗಡ ಕರಾರುಗಳನ್ನು ವಿಶ್ಲೇಷಿಸಿದರು. ಆ ಕಸುಬಿಗಿಳಿದರೆ ಮರ್ಯಾದೆ ಹೋಗುವುದು ಖಚಿತ, ಆದಾಯ ಅನಿಶ್ಚಿತ. ಹಾಗಿರುವಾಗ ದೊಡ್ಡ ಮೊತ್ತವನ್ನು ಮೊದಲೇ ಕೊಡುವುದು ಮಾಲೀಕನ ಕಡೆಯಿಂದ ನಂಬಿಕೆಯ ಖಾತರಿಯಾಗಿತ್ತು ಎಂಬುದು ಅವರ ವಾದ. ಅದೇ ತರ್ಕವನ್ನು ಯುದ್ಧಕಾಲದಲ್ಲಿ ಜಪಾನ್ ಸೇನೆಗೆ ಒದಗಿಸಲಾದ ಹೆಂಗಸರಿಗೂ ಅವರು ವಿಸ್ತರಿಸಿದಾಗ, 2021ರಲ್ಲಿ ಇತಿಹಾಸಕಾರರಿಂದಲೂ ಅರ್ಥಶಾಸ್ತ್ರಜ್ಞರಿಂದಲೂ ತೀವ್ರ ಆಕ್ಷೇಪ ಬಂತು. ವಿವಾದದ ವಿವರಕ್ಕೆ ಹೋಗದೆಯೂ ಒಂದು ಮೂಲಭೂತ ದೋಷವನ್ನು ಗುರುತಿಸಬಹುದು. ಕರಾರಿನ ಸಿದ್ಧಾಂತ ಇಬ್ಬರು ಕಕ್ಷಿಗಾರರನ್ನು ಭಾವಿಸಿಕೊಳ್ಳುತ್ತದೆ. ಇಲ್ಲಿ ಹಣ ಪಡೆದವನು ತಂದೆ, ಕೊಟ್ಟವನು ಮಾಲೀಕ. ತೀರಿಸುವವಳು ಕರಾರಿನಲ್ಲಿ ಇದ್ದಾಳೆ, ಕಕ್ಷಿಗಾರಳಾಗಿ ಅಲ್ಲ, ಸರಕಾಗಿ. ಒಂಬತ್ತು ವರ್ಷದ ಮಗುವಿನ ‘ಆಯ್ಕೆ’ಯನ್ನು ಯಾವ ರೇಖಾಚಿತ್ರದಲ್ಲಿ ಗುರುತಿಸೋಣ?

ಆದರೂ ಸಾಲವೊಂದೇ ಮನುಷ್ಯನನ್ನು ಕಟ್ಟಿಹಾಕುವುದಿಲ್ಲ ಎಂಬ ಪಾಠವನ್ನು ನಾನು ಕಲಿತದ್ದು ಅರ್ಥಶಾಸ್ತ್ರದಿಂದಲ್ಲ. ನಮ್ಮಲ್ಲೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಮುಂಗಡಕ್ಕೆ ಪ್ರತಿಯಾಗಿ ದುಡಿಯುವ ಬಂಧನವನ್ನು ರದ್ದುಗೊಳಿಸಿ, ಜೀತದ ಸಾಲವನ್ನೇ ಅಳಿಸಿಹಾಕಿದೆ. ಜಪಾನಿನ ಸರ್ವೋಚ್ಚ ನ್ಯಾಯಾಲಯ ಹೇಳಿದ್ದೂ ಅದನ್ನೇ. ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ ಈ ಕಾಯ್ದೆಯಡಿ ಬಿಡುಗಡೆ ಪತ್ರಗಳಿಗೆ ನಾನು ಸಹಿ ಮಾಡಿದ್ದೇನೆ. ಒಮ್ಮೆ ಒಬ್ಬ ಕೂಲಿಕಾರ, ಹೆಂಡತಿಯ ಕಾಯಿಲೆಗೆ ಪಡೆದ ಮುಂಗಡಕ್ಕಾಗಿ ಹತ್ತು ಹನ್ನೊಂದರ ಮಗಳನ್ನು ಸಾಲಕೊಟ್ಟವರ ಮನೆಗೆಲಸಕ್ಕೆ ಬಿಟ್ಟಿದ್ದ. ನಿನ್ನ ಸಾಲ ಕಾನೂನಿನ ಪ್ರಕಾರ ಹೋಯಿತು, ಮಗಳನ್ನು ಕರೆದುಕೊಂಡು ಹೋಗು ಎಂದು ಪತ್ರ ಕೊಟ್ಟೆ. ಅವನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಮೆಲ್ಲಗೆ ಕೇಳಿದ: ‘ಕಾಗದದಾಗೆ ಸಾಲ ಹೋಯ್ತು ಸ್ವಾಮಿ. ಕಷ್ಟದಾಗೆ ಕೈ ಹಿಡಿದವರ ಋಣ ಹೋಗ್ತದಾ?’

ಉತ್ತರ ನನ್ನ ಬಳಿ ಇರಲಿಲ್ಲ. ಕಾಯ್ದೆಯ ಯಾವ ಕಲಮಿನಲ್ಲೂ ಇರಲಿಲ್ಲ. ಅಂದು ಆ ಮಾತಿನ ಆಳಕ್ಕೆ ಬೆರಗಾದದ್ದು ನಿಜ. ಆದರೆ ಹಲವು ವರ್ಷಗಳ ಮೇಲೆ ಗೋಲ್ಡನ್ ಅವರ ಕಾದಂಬರಿ ಓದುವಾಗ ಇನ್ನೊಂದು ಸಂಗತಿ ಹೊಳೆದು ಮನಸ್ಸು ಕಸಿವಿಸಿಗೊಂಡಿತು. ಆ ಹುಡುಗಿಯೂ ಅಂದು ಕಚೇರಿಯ ಬಾಗಿಲ ಬಳಿ ನಿಂತಿದ್ದಳು. ಋಣ ಇದೆಯೇ ಇಲ್ಲವೇ ಎಂದು ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಸಾಲಕ್ಕೂ ಋಣಕ್ಕೂ ಇರುವ ಈ ಅಂತರ ಜಪಾನೀಯರಿಗೆ ಹೊಸದಲ್ಲ. ಅವರ ಭಾಷೆಯಲ್ಲಿ ‘ಒನ್’ ಎಂಬ ಪದವಿದೆ. ತಂದೆತಾಯಿ, ಗುರು, ಒಡೆಯರಿಂದ ಪಡೆದ ಉಪಕಾರದ ಭಾರ ಎಂದು ಅದರ ಅರ್ಥ. ನಮ್ಮ ಋಣಕ್ಕೆ ಇದಕ್ಕಿಂತ ಹತ್ತಿರದ ಪದ ಸಿಗಲಾರದು. ಅಮೆರಿಕದ ಮಾನವಶಾಸ್ತ್ರಜ್ಞೆ ರೂತ್ ಬೆನೆಡಿಕ್ಟ್ 1946ರಲ್ಲಿ ಜಪಾನೀ ಸಮಾಜದ ಬಗ್ಗೆ ಬರೆದ ‘ದಿ ಕ್ರಿಸಾಂಥಮಮ್ ಆ್ಯಂಡ್ ದಿ ಸ್ವೋರ್ಡ್’ ಗ್ರಂಥದಲ್ಲಿ ಈ ಪರಿಕಲ್ಪನೆಗೆ ಪ್ರಮುಖ ಸ್ಥಾನವಿದೆ. ಋಣಪ್ರಜ್ಞೆ ದೊಡ್ಡ ಮೌಲ್ಯ, ಸಂದೇಹವಿಲ್ಲ. ಆದರೆ ಸಾಲಕೊಟ್ಟವನು ಅದನ್ನು ಬಳಸಿಕೊಂಡಾಗ ಅದಕ್ಕಿಂತ ಗಟ್ಟಿಯಾದ ಸರಪಳಿ ಇನ್ನೊಂದಿಲ್ಲ. ಮನೆಯೊಡತಿ ತಾಯಿಯಾಗುವುದು, ಹಿರಿಯ ಗೇಶಾ ಅಕ್ಕನಾಗುವುದು, ಒಕಿಯಾ ತವರಾಗುವುದು ಬರಿಯ ಸಂಬೋಧನೆಗಳಲ್ಲ. ಲೆಕ್ಕದ ಪುಸ್ತಕ ಮುಚ್ಚಿದ ಮೇಲೂ ಲೆಕ್ಕ ಮುಂದುವರಿಯುವಂತೆ ನೋಡಿಕೊಳ್ಳುವ ಏರ್ಪಾಡುಗಳು ಅವು.

ಕಾದಂಬರಿ ಎಡವುವುದು ಈ ತಾಣದಲ್ಲಿ. ಅಳುತ್ತಾ ಹೊಳೆಯ ದಡದಲ್ಲಿ ನಿಂತ ಪುಟ್ಟ ಚಿಯೊಳಿಗೆ ‘ಚೇರ್ಮನ್’ ಎಂದೇ ಕರೆಯಲಾಗುವ ಶ್ರೀಮಂತ ಉದ್ಯಮಿಯೊಬ್ಬ ಕರವಸ್ತ್ರದಲ್ಲಿ ಸುತ್ತಿದ ನಾಣ್ಯ ಕೊಟ್ಟು, ಮಂಜುಗಡ್ಡೆಯ ಸಿಹಿ ಕೊಂಡು ತಿನ್ನುವಂತೆ ಹೇಳುತ್ತಾನೆ. ಉಳಿದ ಚಿಲ್ಲರೆಯನ್ನು ಅವಳು ದೇವಾಲಯದಲ್ಲಿ ಅರ್ಪಿಸಿ, ತನ್ನನ್ನು ಗೇಶಾ ಮಾಡೆಂದು ಬೇಡಿಕೊಳ್ಳುತ್ತಾಳೆ, ಅವನಂಥವರ ಸಮೀಪ ಸುಳಿಯುವುದಕ್ಕಾದರೂ. ತನ್ನನ್ನು ಕೊಂಡ ವ್ಯವಸ್ಥೆಯನ್ನು ಅವಳು ತಾನೇ ಬಯಸಲಾರಂಭಿಸುವ ಕ್ಷಣವದು. ಒಬ್ಬ ದೊಡ್ಡ ಕಾದಂಬರಿಕಾರ ಇಲ್ಲಿ ನಿಂತು ಮಗುವಿನ ಮನಸ್ಸಿನಲ್ಲಿ ನಡೆದದ್ದೇನು ಎಂದು ತಡಕಾಡುತ್ತಿದ್ದ. ಗೋಲ್ಡನ್ ಅದನ್ನು ಪ್ರೇಮವೆಂದು ಕರೆದು ಮುಂದೆ ಸಾಗುತ್ತಾರೆ. ನಾನೂರಕ್ಕೂ ಹೆಚ್ಚು ಪುಟಗಳ ಕಡೆಯಲ್ಲಿ ಗುಟ್ಟು ಹೊರಬೀಳುತ್ತದೆ. ಮಾಮೆಹಾಳನ್ನು ಅವಳ ನೆರವಿಗೆ ಕಳುಹಿಸಿದವನೇ ಚೇರ್ಮನ್. ಅಲ್ಲಿಗೆ ಹನ್ನೆರಡರ ಹುಡುಗಿಯ ಮೇಲೆ ನಡುವಯಸ್ಸಿನ ಗಂಡಸಿನ ಕಣ್ಣು ಬಿದ್ದದ್ದು ಕೃಪೆಯಾಗಿ ಮಾರ್ಪಡುತ್ತದೆ. ಮಾರಾಟ, ಏಟು, ಹರಾಜು ಎಲ್ಲವೂ ಅವನವರೆಗಿನ ದಾರಿಯ ಮೆಟ್ಟಿಲುಗಳಾಗುತ್ತವೆ. ಸಾಲದ ಪುಸ್ತಕವನ್ನು ಅಷ್ಟು ಪ್ರಾಮಾಣಿಕವಾಗಿ ಬರೆದ ಲೇಖಕರು ಅದರ ಕೊನೆಯ ಪುಟದಲ್ಲಿ ‘ಋಣಿ’ ಎಂದು ನಾಯಕಿಯ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ.

ಇದು ಅಮೆರಿಕದ ಗಂಡಸೊಬ್ಬ ಜಪಾನಿನ ಹೆಂಗಸಿನ ಕಥೆ ಬರೆದದ್ದಕ್ಕೆ ತೆಗೆಯುವ ತಕರಾರಲ್ಲ. ಪರಕಾಯ ಪ್ರವೇಶ ಕಾದಂಬರಿಕಾರನ ಹಕ್ಕು. ಗೋಲ್ಡನ್ ಹಾರ್ವರ್ಡ್‌ನಲ್ಲಿ ಜಪಾನೀ ಕಲೆಯನ್ನೂ ಕೊಲಂಬಿಯಾದಲ್ಲಿ ಜಪಾನಿನ ಇತಿಹಾಸವನ್ನೂ ಅಭ್ಯಸಿಸಿದವರು. ಈ ಕೃತಿಯನ್ನು ಮತ್ತೆ ಮತ್ತೆ ತಿದ್ದಿ ಬರೆದವರು. ತಕರಾರು ಇರುವುದು ಮತ್ತೊಂದು ವಿಷಯದಲ್ಲಿ. ಕಾದಂಬರಿಯ ಆರಂಭದಲ್ಲಿ ಪ್ರಾಧ್ಯಾಪಕನೊಬ್ಬನ ‘ಅನುವಾದಕನ ಟಿಪ್ಪಣಿ’ ಇದೆ. ಸಾಯುರಿ ತನ್ನ ಕಥೆಯನ್ನು ತನಗೆ ಹೇಳಿ ಬರೆಸಿದಳೆಂದು ಅವನು ನಂಬಿಸುತ್ತಾನೆ. ಆ ಪ್ರಾಧ್ಯಾಪಕನೂ ಕಲ್ಪಿತ, ಸಾಯುರಿಯೂ ಕಲ್ಪಿತೆ. ಸಾಹಿತ್ಯದಲ್ಲಿ ಇದು ಹಳೆಯ ತಂತ್ರ, ತಪ್ಪೇನಲ್ಲ. ಆದರೆ ಈ ಕಲ್ಪಿತೆಯ ಹಿಂದೆ ನೆರವಿತ್ತ ಒಬ್ಬ ನಿಜವಾದ ಹೆಂಗಸಿದ್ದಳು. ಅವಳಿಗೆ ಈ ತಂತ್ರ ದುಬಾರಿಯಾಯಿತು.

ಅವರು ಮಿನೆಕೊ ಇವಾಸಾಕಿ. 1949ರಲ್ಲಿ ಹುಟ್ಟಿ, ಎಳೆತನದಲ್ಲೇ ಗಿಯೊನ್‌ನ ಇವಾಸಾಕಿ ಮನೆ ಸೇರಿ, ಆ ಮನೆಯ ಉತ್ತರಾಧಿಕಾರಿಯಾಗಿ ದತ್ತುಹೋಗಿ, ತಮ್ಮ ಕಾಲದ ಅತ್ಯಂತ ಪ್ರಸಿದ್ಧ ಗೇಕೊ ಎನಿಸಿ, 29ರ ಹರೆಯದಲ್ಲೇ ನಿವೃತ್ತರಾದವರು. 1992ರಲ್ಲಿ ಗೋಲ್ಡನ್ ಅವರಿಗೆ ಪರಿಚಯವಾಗಿ, ಆ ಲೋಕದ ಒಳವಿವರಗಳನ್ನೆಲ್ಲ ತಿಳಿಸಿದರು. ತಮ್ಮ ಹೆಸರನ್ನು ಗುಟ್ಟಾಗಿಡುವ ಮಾತಾಗಿತ್ತು ಎಂಬುದು ಅವರ ಹೇಳಿಕೆ. ಪುಸ್ತಕದ ಕೃತಜ್ಞತಾ ಪುಟದಲ್ಲಿ ಅವರ ಹೆಸರು ಅಚ್ಚಾಯಿತು. ಸಾಯುರಿಯ ಬದುಕೇ ಇವರ ಬದುಕೆಂದು, ಇವರ ಕನ್ಯತ್ವವೂ ಹರಾಜಾಗಿತ್ತೆಂದು ಜನ ಭಾವಿಸುವಂತಾಯಿತು. ಅಂಥ ಪದ್ಧತಿಯೇ ತಮ್ಮ ವಿಷಯದಲ್ಲಿ ಇರಲಿಲ್ಲ ಎಂದು ಅವರು ಸ್ಪಷ್ಟವಾಗಿ ನಿರಾಕರಿಸಿದರು. ಮೌನದ ನಿಯಮ ಮುರಿದವಳೆಂದು ತಮಗೆ ಬೆದರಿಕೆಗಳು ಬಂದವೆಂದರು. 2001ರಲ್ಲಿ ಲೇಖಕರ ಮೇಲೂ ಪ್ರಕಾಶಕರ ಮೇಲೂ ಕರಾರು ಭಂಗ ಮತ್ತು ಮಾನಹಾನಿಯ ಮೊಕದ್ದಮೆ ಹೂಡಿದರು. 2003ರಲ್ಲಿ ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಕೃತಜ್ಞತೆ ಹೇಳಿ ಋಣ ತೀರಿಸಿದೆನೆಂದು ಲೇಖಕರು ಭಾವಿಸಿದ ಜಾಗವೇ ಅವರಿಗೆ ಹೊರಲಾರದ ಹೊರೆಯಾದದ್ದು ವಿಪರ್ಯಾಸ.

ಇವಾಸಾಕಿ ಸುಮ್ಮನಿರಲಿಲ್ಲ. 2002ರಲ್ಲಿ ‘ಗೇಶಾ, ಎ ಲೈಫ್’ ಎಂಬ ಆತ್ಮಕಥೆ ಪ್ರಕಟಿಸಿದರು. ಅದರಲ್ಲಿರುವುದು ಮಾರಾಟವಾದ ಮಗುವಲ್ಲ, ನೃತ್ಯದ ಮೇಲೆ ಪ್ರಾಣವಿಟ್ಟ, ಹಟಮಾರಿ, ದುಡಿದು ದಣಿದ ಕಲಾವಿದೆ. ವ್ಯವಸ್ಥೆಯ ಬಿಗುವನ್ನು ಟೀಕಿಸುತ್ತಲೇ ಕಲೆಯ ಘನತೆಯನ್ನು ಅವರು ಎತ್ತಿಹಿಡಿಯುತ್ತಾರೆ. ಆದರೆ ಒಂದು ಎಚ್ಚರ ಬೇಕು. ಇವಾಸಾಕಿ ಗಿಯೊನ್ ಕಂಡದ್ದು ಯುದ್ಧಾನಂತರ, ಹೊಸ ಕಾನೂನುಗಳ ನೆರಳಿನಲ್ಲಿ, ಅದೂ ಅತ್ಯುಚ್ಚ ದರ್ಜೆಯ ಮನೆಯೊಂದರ ವಾರಸುದಾರಳಾಗಿ. ಅವರ ಸತ್ಯ ಅವರ ಬದುಕಿಗೆ ಸತ್ಯ. ಅದರಿಂದ 1930ರ ದಶಕದ ಮುಂಗಡ ಸಾಲ ಸುಳ್ಳಾಗುವುದಿಲ್ಲ.

ಆ ಕಾಲಕ್ಕೆ ಬೇರೊಬ್ಬ ಸಾಕ್ಷಿಯಿದ್ದಾರೆ. ಸಾಯೊ ಮಸುದಾ ಹುಟ್ಟಿದ್ದು 1925ರಲ್ಲಿ. ಎಳವೆಯಲ್ಲಿ ಜಮೀನ್ದಾರರ ಮನೆಯ ಮಕ್ಕಳನ್ನು ಹೊತ್ತು ತಿರುಗುವ ಆಳಾಗಿದ್ದು, ಹನ್ನೆರಡರ ವಯಸ್ಸಿಗೆ ನಾಗಾನೊ ಪ್ರಾಂತದ ಸುವಾ ಎಂಬ ಬಿಸಿನೀರ ಬುಗ್ಗೆಗಳ ಊರಿನ ಗೇಶಾ ಮನೆಗೆ ಮಾರಾಟವಾದರು. ಶಾಲೆಯ ಮುಖ ಕಾಣದ ಅವರಿಗೆ ಬರುತ್ತಿದ್ದದ್ದು ಹಿರಗಾನಾ ಎಂಬ ಸರಳ ಅಕ್ಷರಮಾಲೆಯಷ್ಟೇ. ಅದರಲ್ಲೇ ತಮ್ಮ ಬದುಕನ್ನು ಬರೆದರು. 1957ರಲ್ಲಿ ಜಪಾನಿನಲ್ಲಿ ಪುಸ್ತಕವಾಗಿ ಬಂದ ಅದು, ಇಂಗ್ಲಿಷಿಗೆ ‘ಆಟೊಬಯಾಗ್ರಫಿ ಆಫ್ ಎ ಗೇಶಾ’ ಎಂದು ಬಂದದ್ದು 2003ರಲ್ಲಿ, ಗೋಲ್ಡನ್ ಅವರ ಕಾದಂಬರಿ ಲೋಕವನ್ನೆಲ್ಲ ಸುತ್ತಿಬಂದ ಆರು ವರ್ಷಗಳ ಮೇಲೆ. ಅದರಲ್ಲಿ ಕರವಸ್ತ್ರ ಕೊಡುವ ಚೇರ್ಮನ್ ಇಲ್ಲ. ಹಸಿವು, ಏಟು, ಗಂಡಸರು, ಹಣ ಇವಿವೆ. ಇವುಗಳ ನಡುವೆ ಉಳಿದುಕೊಂಡ ಒಂದು ತೀಕ್ಷ್ಣ ಬುದ್ಧಿ ಇದೆ. ತನ್ನ ನೋವಿಗೆ ಯಾರ ಕೃಪೆಯ ಸಮರ್ಥನೆಯನ್ನೂ ಅವರು ಹುಡುಕುವುದಿಲ್ಲ.

ಕಲ್ಪಿತ ಗೇಶಾ ಲಕ್ಷಾಂತರ ಮನೆಗಳನ್ನು ಹೊಕ್ಕಳು, ನಿಜವಾದ ಗೇಶಾ ಗ್ರಂಥಾಲಯದ ಕಪಾಟಿನಲ್ಲಿ ಉಳಿದಳು. ಇದರ ಪರಿಣಾಮ ಸಾಹಿತ್ಯಕ್ಕಷ್ಟೇ ಸೀಮಿತವಲ್ಲ. ಚಲನಚಿತ್ರದಲ್ಲಿ ಪ್ರಮುಖ ಪಾತ್ರಗಳಿಗೆ ಚೀನೀ ನಟಿಯರನ್ನು ಆರಿಸಿದಾಗ ಎರಡೂ ದೇಶಗಳಲ್ಲಿ ಅಸಮಾಧಾನವೆದ್ದು, 2006ರಲ್ಲಿ ಚೀನಾ ಅದರ ಬಿಡುಗಡೆಯನ್ನೇ ತಡೆಯಿತು. ಗೇಶಾಳಿಗೂ ಸೇನೆಯ ಗುಲಾಮಳಿಗೂ ವ್ಯತ್ಯಾಸವೇ ಇಲ್ಲವೆಂಬ ಭಾವನೆ ಅಲ್ಲಿ ಕೆಲಸ ಮಾಡಿತ್ತು. ಗಿಯೊನ್‌ನ ಓಣಿಗಳಲ್ಲಿ ಮೈಕೊಗಳ ಬೆನ್ನಟ್ಟಿ ಕಿಮೋನೊ ಎಳೆದು ಚಿತ್ರ ತೆಗೆಯುವ ಪ್ರವಾಸಿಗರ ಕಾಟ ತಾಳಲಾರದೆ, 2019ರಲ್ಲಿ ನಿವಾಸಿಗಳು ಖಾಸಗಿ ಓಣಿಗಳಲ್ಲಿ ಚಿತ್ರ ತೆಗೆದರೆ 10 ಸಾವಿರ ಯೆನ್ ದಂಡವೆಂದು ಫಲಕ ಹಾಕಿದರು. 2024ರಲ್ಲಿ ಅಂಥ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ನಿರ್ಬಂಧಿಸಿದರು. ಇನ್ನೊಂದು ಕಡೆ, 2022ರಲ್ಲಿ ಮಾಜಿ ಮೈಕೊ ಒಬ್ಬರು ತಾವು ಹದಿಹರೆಯದಲ್ಲಿದ್ದಾಗ ಮದ್ಯ ಕುಡಿಸಲಾಗುತ್ತಿತ್ತು, ಗಿರಾಕಿಗಳೊಂದಿಗೆ ಸ್ನಾನಕ್ಕೆ ಒತ್ತಾಯಿಸಲಾಗಿತ್ತು ಎಂದು ಬಹಿರಂಗವಾಗಿ ಆರೋಪಿಸಿದರು. ವೇತನವಿಲ್ಲದೆ, ಎಲ್ಲ ಖರ್ಚನ್ನೂ ಮನೆಯೇ ಭರಿಸುವ ತರಬೇತಿ ಶಿಕ್ಷಣವೋ ದುಡಿಮೆಯೋ ಎಂಬ ಪ್ರಶ್ನೆ ಜಪಾನಿನಲ್ಲಿ ಮತ್ತೆ ಎದ್ದಿತು. ಇಂದಿನ ಮೈಕೊ ಮಾರಾಟವಾದವಳಲ್ಲ, ಶಾಲೆ ಮುಗಿಸಿ ತಾನಾಗಿ ಬಂದವಳು. ಆದರೂ ಹಳೆಯ ಪ್ರಶ್ನೆಯ ಎಳೆ ಪೂರ್ತಿ ಕಡಿದಿಲ್ಲ.

ವಿಚಿತ್ರವೆಂದರೆ, ಕ್ಯೋಟೊದ ಪ್ರಸಿದ್ಧ ವಸಂತ ನೃತ್ಯೋತ್ಸವ ‘ಮಿಯಾಕೊ ಒದೊರಿ’ ಆರಂಭವಾದದ್ದೂ 1872ರಲ್ಲೇ. ಗೇಶಾಳನ್ನು ಸಾಲದಿಂದ ಬಿಡಿಸಿದ ವರ್ಷವೇ ಅವಳನ್ನು ರಾಷ್ಟ್ರದ ಆಭರಣವಾಗಿ ವೇದಿಕೆಗೆ ಏರಿಸಿದ ವರ್ಷವೂ ಹೌದು. ಅಂದಿನಿಂದ ಲೋಕ ವೇದಿಕೆಯನ್ನು ನೋಡಿದಷ್ಟು ಸುತ್ತೋಲೆಯನ್ನು ನೋಡಲಿಲ್ಲ.

ಹಾಗಾದರೆ ಗೋಲ್ಡನ್ ಅವರ ಕಾದಂಬರಿಯನ್ನು ಓದಬಾರದೇ? ಖಂಡಿತ ಓದಬೇಕು. ಬಿಡಲಾಗದಂತೆ ಓದಿಸಿಕೊಳ್ಳುವ ಪುಸ್ತಕವದು. ಮುಂಗಡ ಸಾಲದ ಒಳಗುಟ್ಟನ್ನು ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ಅರ್ಥಮಾಡಿಸುತ್ತದೆ. ಆದರೆ ಅದರ ಪಕ್ಕದಲ್ಲಿ ಇವಾಸಾಕಿಯವರನ್ನೂ ಮಸುದಾ ಅವರನ್ನೂ ಇಟ್ಟುಕೊಂಡು ಓದಬೇಕು. ನಾಯಕಿ ತನ್ನ ಪ್ರಭುವಿಗೆ ತಾನೆಷ್ಟು ಋಣಿಯೆಂದು ಹೇಳಿಕೊಳ್ಳುವ ಪ್ರತಿಯೊಂದು ಪುಟದಲ್ಲೂ, ಅವಳಿಗೆ ಯಾರು ಋಣಿಯಾಗಿದ್ದಾರೆ ಎಂದು ನಾವು ಕೇಳಿಕೊಳ್ಳಬೇಕು.

ಕಾನೂನು ಸಾಲವನ್ನು ಅಳಿಸಬಲ್ಲದು. ಅದನ್ನು ಜಪಾನೂ ಮಾಡಿದೆ, ನಾವೂ ಮಾಡಿದ್ದೇವೆ. ಉಳಿದದ್ದು ಅಧಿಕಾರಿಗಳೂ ಲೇಖಕರೂ ಓದುಗರೂ ಮಾಡಬೇಕಾದ ಕೆಲಸ. ಆ ಕೂಲಿಕಾರನ ಪ್ರಶ್ನೆಗೆ ಇಂದಾದರೆ ನಾನು ಉತ್ತರಿಸಲು ಹೋಗುತ್ತಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಅವನ ಮಗಳನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, ನಿನಗೇನನ್ನಿಸುತ್ತದಮ್ಮ ಎಂದು ಕೇಳುತ್ತಿದ್ದೆ.